ಬೋರು, ಬಳಪ, ಪೆನ್ಸಿಲು

“ಅಜ್ಜಾ, ನಿನಗ ಯಾವ ಪೆನ್ನು ಭಾಳ ಸೇರತದ?” ಎಂದು ಎಂಟು ವರುಷದ ಮೊಮ್ಮಗಳು ಒಂದು ಸಂಜೆ ಕೇಳಿದಳು. ಮೂವತ್ತಾರು ವರುಷ ಮಕ್ಕಳಿಗೆ ಅಕ್ಷರ ತಿದ್ದಿಸಿದವನಿಗೆ ಇದಕ್ಕಿಂತ ಸುಲಭವಾದ ಪ್ರಶ್ನೆ ಇರಲಾರದು. ಆದರೂ ಉತ್ತರವು ಕೂಡಲೇ ನಾಲಗೆಗೆ ಬರಲಿಲ್ಲ. “ವಿಚಾರ ಮಾಡಿ ಹೇಳತೇನವಾ” ಎಂದು ಹೇಳಿ ಜಾರಿಕೊಂಡೆನು.

ಅದೇ ತಿಂಗಳಲ್ಲಿ ನನ್ನ ಮಗಳಿಗೆ ಚೊಚ್ಚಿಲ ಗಂಡು ಕೂಸು ಹುಟ್ಟಿತ್ತು. ತವರಿನವರು ಕೂಸಿಗೆ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಕೊಡುವದು ನಮ್ಮ ಕಡೆಯ ರೂಢಿ. ತೊಟ್ಟಿಲು ಹೇಳಿ ಬರುವ ನೆವದಿಂದ, ಧಾರವಾಡ ಜಿಲ್ಲೆಯಲ್ಲಿ ನಾನು ಕಲಿತ ಮತ್ತು ಕಲಿಸಿದ ಊರುಗಳನ್ನು ಇನ್ನೊಮ್ಮೆ ಕಣ್ಣಾರೆ ಕಂಡು ಬರಬೇಕೆಂದು ಮನಸ್ಸಾಯಿತು. ಮೊಮ್ಮಗಳ ಪ್ರಶ್ನೆಯೂ ನನ್ನ ಸಂಗಡ ಹೊರಟಿತು.

ಮೊದಲು ನಮ್ಮ ಕುಂದಗೋಳ. 1948ರವರೆಗೆ ಇದು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು. ಸವಾಯಿ ಗಂಧರ್ವರು ಇಲ್ಲಿದ್ದುಕೊಂಡು ಶಿಷ್ಯರಿಗೆ ಸಂಗೀತ ಕಲಿಸಿದರು. ಭೀಮಸೇನ ಜೋಶಿಯವರು ಇಲ್ಲಿಯೇ ಗುರುಸೇವೆ ಮಾಡಿದರು. ಆ ವಿದ್ಯೆಯು ಬಾಯಿಂದ ಕಿವಿಗೆ ನಡೆದು ಬಂದದ್ದು. ಅದಕ್ಕೆ ಲೇಖನಿಯ ಹಂಗಿರಲಿಲ್ಲ. ಆದರೆ ಕಾರಕೂನಿಕೆ ಮಾಡಿದ ನಮ್ಮ ಅಜ್ಜನವರಿಗೆ ಲೇಖನಿಯೇ ಅನ್ನ. ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಅವರ ಬರಹದ ಪೆಟ್ಟಿಗೆ ಇನ್ನೂ ಇರುವದು. ಅದರಲ್ಲಿ ಮೋಡಿ ಲಿಪಿಯ ಕಾಗದಗಳು, ಒಣಗಿದ ದೌತಿ, ಎರಡು ಬೋರು. ಬೋರು ಎಂದರೆ ಒಳಗೆ ಪೊಳ್ಳಾದ ಜೊಂಡಿನ ಕಡ್ಡಿ. ಅದರ ತುದಿಯನ್ನು ಚೂರಿಯಿಂದ ಓರೆಯಾಗಿ ಕೆತ್ತಿ, ನಡುವೆ ಸಣ್ಣ ಸೀಳು ಬಿಟ್ಟು, ಮಸಿಯಲ್ಲಿ ಅದ್ದಿ ಬರೆಯುತ್ತಿದ್ದರು. ಮಸಿಯೂ ಮನೆಯದೇ: ದೀಪದ ಕಾಡಿಗೆ, ಜಾಲಿಯ ಅಂಟು, ನೀರು. ಒಂದು ಸಲ ಅದ್ದಿದರೆ ಕೆಲವೇ ಶಬ್ದ. ಆದಕಾರಣ ಬರೆಯುವವನು ಮಧ್ಯದಲ್ಲಿ ನಿಲ್ಲಲೇಬೇಕು; ನಿಂತಾಗ ಮುಂದಿನ ಮಾತನ್ನು ಯೋಚಿಸಲೇಬೇಕು. ಅಜ್ಜನವರ ಕಾಗದಗಳಲ್ಲಿ ಹೊಡೆದುಹಾಕಿದ ಶಬ್ದಗಳು ಅಪರೂಪವಾಗಿರಲು ಇದೇ ಕಾರಣವಿರಬೇಕು. ನಾನು ಬೋರೊಂದನ್ನು ಕಿಸೆಯಲ್ಲಿಟ್ಟುಕೊಂಡೆನು. ಅಲ್ಲಿ ನನ್ನ ಮಸಿಯ ಪೆನ್ನೂ ಒಂದು ಮೋಟು ಪೆನ್ಸಿಲೂ ಮೊದಲೇ ಇದ್ದವು.

ಹುಬ್ಬಳ್ಳಿಯಿಂದ ಗದುಗಿನ ದಾರಿ ಹಿಡಿದರೆ ಎರಡೂ ಬದಿಗೆ ಎರೆಯ ಹೊಲಗಳು. ಕುಮಾರವ್ಯಾಸನ ಊರೆಂದು ಹೇಳುವ ಕೋಳಿವಾಡವು ಈ ಸೀಮೆಯಲ್ಲಿಯೇ ಇದೆ. ಹಲಗೆ ಬಳಪಗಳನ್ನು ಹಿಡಿಯದೆ, ಇಟ್ಟ ಪದವನ್ನು ಅಳಿಸದೆ, ಓಲೆಯ ಮೇಲೆ ಕಂಠದ ಸಪ್ಪಳ ನಿಲ್ಲದಂತೆ ಬರೆದೆನೆಂಬುದು ಆ ಮಹಾಕವಿಯ ಹೆಮ್ಮೆ. ಕಂಠವೆಂದರೆ ತಾಳೆಯ ಓಲೆಯ ಮೇಲೆ ಅಕ್ಷರ ಕೊರೆಯುವ ಕಬ್ಬಿಣದ ಮೊನೆ. ಕೊರೆದ ತರುವಾಯ ಮಸಿ ತಿಕ್ಕಿದರೆ ಗೀಟುಗಳೊಳಗೆ ಕಪ್ಪು ನಿಂತು ಅಕ್ಷರವು ಕಾಣಿಸುವದು. ಅಲ್ಲಿ ಅಳಿಸುವ ಮಾತೇ ಇಲ್ಲ. ಉಳಿದವರು ಮೊದಲು ಹಲಗೆಯ ಮೇಲೆ ಬಳಪದಿಂದ ಬರೆದು, ಅಳಿಸಿ, ತಿದ್ದಿ, ಆಮೇಲೆ ಓಲೆಗೆ ಏರಿಸುತ್ತಿದ್ದರೆಂದು ಇದರಿಂದಲೇ ತಿಳಿಯುವದು. ನಾನು ಈ ಪದ್ಯವನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಮಹಾಕವಿಯ ಹೆಮ್ಮೆಯನ್ನು ಹುಡುಗರಿಗೆ ನಿಯಮವನ್ನಾಗಿಯೂ ಮಾಡಿದ್ದೇನೆ. ಅದು ತಪ್ಪೆಂದು ಆಗ ನನಗೆ ಹೊಳೆಯಲಿಲ್ಲ.

ಅಣ್ಣಿಗೇರಿಯಲ್ಲಿ ಇಳಿದು ಅಮೃತೇಶ್ವರನ ಗುಡಿಗೆ ಹೋದೆನು. 1050ರ ಹೊತ್ತಿಗೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಎದ್ದ ಈ ದೇವಾಲಯವು ಬಳಪದ ಕಲ್ಲಿನಿಂದ ಕಟ್ಟಿದ ಮೊದಲಿನ ಗುಡಿಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಅದಕ್ಕೂ ಹಿಂದೆ ಮರಳುಗಲ್ಲು ನಡೆಯುತ್ತಿತ್ತು. ಬಳಪದ ಕಲ್ಲು ಮೆದು. ಉಳಿಗೆ ಸುಲಭವಾಗಿ ಒಗ್ಗುವದು. ಅದರಿಂದಲೇ ಮುಂದಿನ ಶಿಲ್ಪಿಗಳಿಗೆ ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಚಿಕ್ಕಂದಿನಲ್ಲಿ ನಾವು ಪಾಟಿಯ ಮೇಲೆ ಓಂಕಾರ ತಿದ್ದಿದ ಬಳಪವೂ ಈ ಕುಲದ ಕಲ್ಲೇ ಎಂದು ನೆನೆದಾಗ ಕಂಬವನ್ನು ಮುಟ್ಟುವ ಕೈ ತಾನಾಗಿಯೇ ಮೆತ್ತಗಾಯಿತು. ಒಂದೇ ಜಾತಿಯ ಕಲ್ಲು ಗುಡಿಯಲ್ಲಿ ಸಾವಿರ ವರುಷ ನಿಲ್ಲುವದು. ಕೂಸಿನ ಕೈಯಲ್ಲಿ ಸವೆದು, ಒದ್ದೆ ಅರಿವೆಯಿಂದ ಕ್ಷಣದಲ್ಲಿ ಅಳಿದು ಹೋಗುವದು. ನಮ್ಮ ಹಿಂದಿನ ಲೆಕ್ಕಿಗರ ಕಡತಗಳಲ್ಲಿಯೂ ಇದೇ ಅನುಕೂಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಲಿಯ ಪುಡಿ ಬಳಿದು, ಮಡಿಸಿ ಮಾಡಿದ ಆ ಕಪ್ಪು ಪುಸ್ತಕದಲ್ಲಿ ಬಳಪದಿಂದ ಬರೆದು ಬೇಕಾದಾಗ ಅಳಿಸಬಹುದಾಗಿತ್ತು.

ಪಂಪನ ತಾಯಿ ಅಬ್ಬಣಬ್ಬೆಯು ಈ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು. ಈ ಸಂಗತಿಯನ್ನು ನಮಗೆ ತಿಳಿಸಿದ್ದು ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯಲ್ಲಿ ಕೊರೆಯಿಸಿದ ಶಾಸನ. ಉಳಿಯೂ ಒಂದು ಲೇಖನಿಯೇ. ಉಳಿಯಬೇಕಾದದ್ದಕ್ಕೆ ಉಳಿ, ಕಲಿಯಬೇಕಾದದ್ದಕ್ಕೆ ಬಳಪ. ಹಿರಿಯರು ಈ ಭೇದವನ್ನು ಬಲ್ಲವರಾಗಿದ್ದರು.

ಅಲ್ಲಿಂದ ನವಲಗುಂದಕ್ಕೆ ಹೋದೆನು. ನವಿಲುಗಳ ಗುಂದವೇ ನವಲಗುಂದವಾಯಿತೆಂದು ಜನರು ಹೇಳುತ್ತಾರೆ. ಇಲ್ಲಿಯ ಜಮಖಾನೆಗಳು ನಾಡಿಗೆಲ್ಲ ಪರಿಚಿತವಾದವು. 2011ರಲ್ಲಿ ಅವಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ನೇಯುವವರು ಹೆಣ್ಣುಮಕ್ಕಳು. ಒಬ್ಬ ತಾಯಿ ಮಗ್ಗದ ಮುಂದೆ ಕುಳಿತು ಎಳೆಗಳನ್ನು ಎಣಿಸುತ್ತ ನವಿಲನ್ನು ಎಬ್ಬಿಸುತ್ತಿದ್ದಳು. ಎದುರಿಗೆ ಚಿತ್ರದ ಹಾಳೆ ಇರಲಿಲ್ಲ. “ಎಲ್ಲಾ ತಲಿಯಾಗ ಐತ್ರಿ” ಎಂದು ನಕ್ಕಳು.

ಆ ನವಿಲನ್ನು ಕಂಡು ನನ್ನ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಬಹಳ ವರುಷಗಳ ಹಿಂದೆ ಈ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಕಲಿಸುತ್ತಿದ್ದೆನು. ಆರನೆಯ ಇಯತ್ತೆಯ ಹುಡುಗನೊಬ್ಬನು ಗಣಿತದ ವಹಿಯಲ್ಲಿ, ಲೆಕ್ಕ ಬಿಡಿಸುವದನ್ನು ಬಿಟ್ಟು, ಪುಟದ ತುಂಬ ನವಿಲನ್ನು ಬರೆದಿದ್ದನು. ನನ್ನ ಕೈಯಲ್ಲಿ ಕೆಂಪು ಶಾಯಿಯ ಪೆನ್ನಿತ್ತು. ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆದು, ಆ ಪುಟವನ್ನು ವರ್ಗದ ಮುಂದೆ ಎತ್ತಿ ತೋರಿಸಿದೆನು. ಹುಡುಗರು ನಕ್ಕರು. ಅವನು ಅಳಲಿಲ್ಲ, ವಹಿಯನ್ನು ತೆಗೆದುಕೊಂಡು ಹೋಗಿ ಕುಳಿತನು. ಮರುವರುಷ ಅವನು ಶಾಲೆಗೆ ಬರಲಿಲ್ಲ. ನನ್ನ ಗೀಟೇ ಅದಕ್ಕೆ ಕಾರಣವೆಂದು ಹೇಳಲಾರೆ, ಬಡತನವೂ ಇತ್ತು. ಆದರೆ ಕಾರಣವಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಮರುದಿನ ಹುಬ್ಬಳ್ಳಿಗೆ ಹಿಂದಿರುಗಿ, ಯಲ್ಲಾಪುರದ ದಾರಿಯಲ್ಲಿ ಕಲಘಟಗಿಗೆ ಹೋದೆನು. ಎರೆಮಣ್ಣು ಹಿಂದೆ ಉಳಿದು ಮಲೆನಾಡಿನ ಸೆರಗು ಕಾಣತೊಡಗುವ ಊರಿದು. ತೊಟ್ಟಿಲ ಮಾಡುವವರ ಮನೆಯಲ್ಲಿ ಕಟ್ಟಿಗೆಯ ಹಲಗೆಗಳ ಮೇಲೆ ಬಾಲಕೃಷ್ಣನ ಲೀಲೆಗಳು ಅರಗಿನ ಬಣ್ಣದಲ್ಲಿ ಹೊಳೆಯುತ್ತಿದ್ದವು. ಒಂದು ಮೂಲೆಯಲ್ಲಿ ಹತ್ತು ವರುಷದ ಹುಡುಗನು ಮೋಟು ಪೆನ್ಸಿಲಿನಿಂದ ಹಲಗೆಯ ಚೂರಿನ ಮೇಲೆ ಆಕಳನ್ನು ಬರೆಯುತ್ತಿದ್ದನು. ಆಕಳ ಮೋರೆ ಕತ್ತೆಯ ಮೋರೆಯಾಗಿತ್ತು. ನಾನು ನಕ್ಕೆನು. ಮನೆಯ ಹಿರಿಯರು ನಗಲಿಲ್ಲ. ರಬ್ಬರಿನಿಂದ ಮೋರೆಯನ್ನಷ್ಟೇ ಒರಸಿ, “ಇನ್ನೊಮ್ಮೆ ತೆಗಿಯಪ್ಪಾ” ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ, “ಮೊದಲ ಹಗೂರಕ ಪೆನ್ಸಿಲ್ ಗೆರಿ ಹಾಕಬೇಕ್ರಿ, ಮಾಸ್ತರ. ತಪ್ಪಿದ್ರ ಅಳಿಸಾಕ ಬರತೈತಿ. ಬಣ್ಣ ಬಿದ್ದ ಮ್ಯಾಲೆ ಮೊಮ್ಮಕ್ಕಳ ಕಾಲಕ್ಕೂ ಹೋಗಂಗಿಲ್ಲ” ಎಂದರು. ಅವರು ಹೇಳಿದ್ದು ತೊಟ್ಟಿಲ ಮಾತು. ನನಗೆ ಕೇಳಿಸಿದ್ದು ಬೇರೆ.

ಪೆನ್ಸಿಲಿನ ಬಗೆಗೆ ವಾಚಕರಿಗೆ ಎರಡು ಮಾತು ಹೇಳುವದು ಉಚಿತ. ಅದರ ಕಡ್ಡಿಯನ್ನು ಸೀಸವೆಂದು ಕರೆಯುವೆವಾದರೂ ಅದರಲ್ಲಿ ಸೀಸವಿಲ್ಲ. ಅದು ಗ್ರಾಫೈಟು ಮತ್ತು ಜೇಡಿಮಣ್ಣಿನ ಮಿಶ್ರಣ. ಫ್ರಾನ್ಸಿನ ಕೊಂಟೆ ಎಂಬವನು 1795ರಲ್ಲಿ ಈ ಎರಡನ್ನು ಕೂಡಿಸಿ ಸುಡುವ ಕ್ರಮಕ್ಕೆ ಹಕ್ಕು ಪಡೆದನು. ಮಣ್ಣು ಹೆಚ್ಚಾದರೆ ಕಡ್ಡಿ ಬಿರುಸಾಗಿ ಗೆರೆ ತೆಳ್ಳಗೆ ಮೂಡುವದು, ಅದು ‘ಎಚ್’. ಗ್ರಾಫೈಟು ಹೆಚ್ಚಾದರೆ ಮೆದುವಾಗಿ ಕಪ್ಪಾಗುವದು, ಅದು ‘ಬಿ’. ನಿತ್ಯದ ಬರಹಕ್ಕೆ ನಡುವಣ ‘ಎಚ್‌ಬಿ’ ಸಾಕು. ಆಗಲೇ ಅಕ್ಷರ ಕಲಿಯುವ ಕೂಸಿಗೆ ‘2ಬಿ’ ಕೊಡಿರಿ. ಒತ್ತದೆ ಬರೆಯಬಹುದಾದ್ದರಿಂದ ಬೆರಳು ನೋಯುವದಿಲ್ಲ. ಚಿತ್ರದ ನೆರಳಿಗೆ ‘4ಬಿ’, ‘6ಬಿ’ ಒಳ್ಳೆಯವು. ಇದಕ್ಕಾಗಿ ಪರದೇಶದ ಸರಕು ಬೇಕಿಲ್ಲ. 1958ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಹಿಂದೂಸ್ಥಾನ್ ಪೆನ್ಸಿಲ್ಸಿನವರ ಕೆಂಪು-ಕಪ್ಪು ಪಟ್ಟಿಯ ನಟರಾಜ ಪೆನ್ಸಿಲು ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಸಿಕ್ಕುವದು.

ತೊಟ್ಟಿಲಿಗೆ ಮುಂಗಡ ಕೊಟ್ಟು ಮನೆಗೆ ಬಂದೆನು. ಮೊಮ್ಮಗಳು ಉತ್ತರಕ್ಕಾಗಿ ಕಾದಿದ್ದಳು. ಕಿಸೆಯಲ್ಲಿದ್ದುದನ್ನೆಲ್ಲ ಅವಳ ಮುಂದಿಟ್ಟು, “ಪತ್ರ ಬರಿಯೋದಕ್ಕ ನನಗ ಮಸಿ ಪೆನ್ನೇ ಸೇರತದ. ಇನ್ನೊಬ್ಬರ ಬರಹ ತಿದ್ದೋದಕ್ಕ ಪೆನ್ಸಿಲ್” ಎಂದೆನು.

“ಮಾಸ್ತರು ಕೆಂಪು ಪೆನ್ನಿಲೆ ತಿದ್ದತಾರಲ್ಲ?” ಎಂದು ಕೇಳಿದಳು.

ನಾನು ಆ ಹುಡುಗನ ಕಥೆಯನ್ನು, ಏನನ್ನೂ ಮುಚ್ಚದೆ, ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಾ, ಅವನ ನವಲು ಛಲೋ ಇತ್ತೇನು?” ಎಂದಳು.

“ಭಾಳ ಛಲೋ ಇತ್ತವಾ” ಎಂದೆನು. ಆ ಮಾತನ್ನು ಅಂದು ವರ್ಗದಲ್ಲಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!