ಡ್ಯೂರರ್‌ನ ಎಳೆ ಮೊಲ

ಜೂನ್ 9

ಸಂಜೆಯೆಲ್ಲ ಭೂತಗನ್ನಡಿ ಹಿಡಿದು ಆಲ್ಬ್ರೆಷ್ಟ್ ಡ್ಯೂರರ್‌ನ ಮೊಲವನ್ನೇ ನೋಡುತ್ತ ಕೂತೆ. 1502ರ ಜಲವರ್ಣ. ಮೂಲಚಿತ್ರ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಬೆಳಕು ತಾಗಿದಷ್ಟೂ ಹಾಳಾಗುವುದರಿಂದ ಅದನ್ನು ಪ್ರದರ್ಶನಕ್ಕಿಡುವುದೇ ಅಪರೂಪ. ನನ್ನ ಮೇಜಿನ ಮೇಲಿರುವುದು ಮೂಲದಷ್ಟೇ ಅಳತೆಯ ಮುದ್ರಣ, ಸುಮಾರು 25 ಸೆಂಟಿಮೀಟರ್ ಎತ್ತರ.

ಮೊದಲು ಮೈಗೆಲ್ಲ ತೆಳು ಕಂದು ಹರಡಿದ್ದಾನೆ. ಅದರ ಮೇಲೆ ಒಂದೊಂದೇ ಕೂದಲು: ಗಾಢ ಕಂದಿನದು, ಬಿಳಿಯದು. ಯಾವುದೂ ಒಂದೇ ಕಡೆಗೆ ಬಾಗಿಲ್ಲ. ಕೂದಲ ದಿಕ್ಕು ತಿರುಗಿದಲ್ಲೆಲ್ಲ ಒಳಗಿನ ಮೂಳೆ, ಮಾಂಸ ಕೈಗೆ ಸಿಕ್ಕಂತಾಗುತ್ತದೆ. ಅಂಚಿನ ಗೆರೆ ಬೇಕೆಂದೇ ಅನಿಸುವುದಿಲ್ಲ.

ಜೂನ್ 10

ಕಣ್ಣಲ್ಲಿ ಕಿಟಕಿಯ ಪ್ರತಿಬಿಂಬವಿದೆ. ಹಾಗಾಗಿ ಜೀವಂತ ಮೊಲವನ್ನೇ ಕೋಣೆಯಲ್ಲಿಟ್ಟುಕೊಂಡು ಬರೆದಿರಬೇಕು ಎನ್ನುವವರಿದ್ದಾರೆ. ಆದರೆ 1500ರ ಸ್ವಚಿತ್ರದಲ್ಲಿ ತನ್ನ ಕಣ್ಣಿಗೂ ಅವನು ಕಿಟಕಿ ಬರೆದುಕೊಂಡಿದ್ದಾನೆ. ಕಿಟಕಿಯಿಂದ ಏನೂ ಸಾಬೀತಾಗದು. ತನ್ನ ಕಣ್ಣಿಗೆ ಕೊಟ್ಟ ಬೆಳಕನ್ನೇ ಹೊಲದ ಮೊಲಕ್ಕೂ ಕೊಟ್ಟನಲ್ಲ, ನನಗೆ ಅದು ದೊಡ್ಡದು.

ಜೂನ್ 14

ಕ್ರೈಸ್ತ ಚಿತ್ರಕಲೆಯಲ್ಲಿ ಮೊಲಕ್ಕೆ ಅರ್ಥಗಳ ಹೊರೆಯೇ ಇದೆ. ಕಾಮದ ಗುರುತೂ ಅದೇ, ಮರಿಯಮ್ಮನ ಪಕ್ಕದಲ್ಲಿ ಕೂತರೆ ಪಾವಿತ್ರ್ಯದ ಗುರುತೂ ಅದೇ. ಡ್ಯೂರರ್‌ನ ಒಂದು ಮರದಚ್ಚಿನ ಚಿತ್ರದಲ್ಲಿ ಪವಿತ್ರ ಕುಟುಂಬದ ಮುಂದೆ ಮೂರು ಮೊಲಗಳಿವೆ. 1504ರ ‘ಆದಾಮ ಮತ್ತು ಈವ’ದಲ್ಲಿ ಬೆಕ್ಕು, ಎತ್ತು, ಎಲ್ಕ್ ಜೊತೆಗೆ ಮೊಲವೂ ಇದೆ. ವಿದ್ವಾಂಸರು ಅವನ್ನು ಮನುಷ್ಯನ ನಾಲ್ಕು ಸ್ವಭಾವಗಳೆಂದು ಓದುತ್ತಾರೆ. ಮೊಲ ಅಲ್ಲಿ ಉಲ್ಲಾಸದ, ರಕ್ತಪ್ರಧಾನ ಸ್ವಭಾವ.

ಈ ಎಲ್ಲ ಅರ್ಥ ಬಲ್ಲವನೇ 1502ರಲ್ಲಿ ಯಾವುದನ್ನೂ ಹಚ್ಚದೆ ಬಿಟ್ಟ. ಮರಿಯಮ್ಮನಿಲ್ಲ, ಹುಲ್ಲೂ ಇಲ್ಲ. ಬಲಕ್ಕೆ ಬಿದ್ದ ನೆರಳು, ಕೆಳಗೆ ಇಸವಿ, ಅವನ ಅಂಕಿತ, ಅಷ್ಟೆ. ಮರುವರ್ಷ ಒಂದು ಹಿಡಿ ಹುಲ್ಲನ್ನು ಇಷ್ಟೇ ಶ್ರದ್ಧೆಯಿಂದ ಬರೆದ, ಅದರಲ್ಲಿ ಪ್ರಾಣಿಯಿಲ್ಲ. ಎರಡನ್ನೂ ಸೇರಿಸುವ ಆಸೆ ಅವನಿಗೆ ಬರಲಿಲ್ಲವೆಂಬುದೇ ನನಗೆ ಖುಷಿ. ಸುಮಾರು 80 ವರ್ಷದ ಮೇಲೆ ಹಾನ್ಸ್ ಹಾಫ್‌ಮನ್ ಇದೇ ಮೊಲದ ಮಾದರಿ ಹಿಡಿದು, ಸುತ್ತ ಕಾಡು ತುಂಬಿ, ದೊಡ್ಡ ತೈಲಚಿತ್ರ ಮಾಡಿದ. ಸೊಗಸಾಗಿದೆ, ನಿಜ. ಆದರೆ ಕಣ್ಣು ಎಲೆಗಳ ಕಡೆ ಹೋಗಿಬಿಡುತ್ತದೆ, ಮೊಲ ಅವುಗಳ ನಡುವೆ ಒಂದಾಗಿ ಉಳಿಯುತ್ತದೆ.

ನಾಳೆ ಭುಜದ ಭಾಗವಷ್ಟನ್ನೇ ನಕಲು ಮಾಡಿ ನೋಡಬೇಕು. ಮೊದಲು ಕಂದು, ಅದು ಪೂರ್ತಿ ಒಣಗಿದ ಮೇಲೆ ಬಿಳಿ. ಸಣ್ಣ ಕುಂಚ ಒಂದು ತರಬೇಕು.