ಎರಡು ಜಿಪಿಎಫ್

ನಮ್ಮವರು ಸರ್ಕಾರಿ ಹೈಸ್ಕೂಲಿನ ಮೇಷ್ಟರಾಗಿ ನಿವೃತ್ತರಾದ ವರ್ಷ ನಮ್ಮ ಮನೆಗೆ ಬಂದವರ ಬಾಯಲ್ಲೆಲ್ಲ ಒಂದೇ ಮಾತು: “ಜಿಪಿಎಫ್ ಬಂತಾ?” ಹಾಲು ಹಾಕುವವಳಿಂದ ಹಿಡಿದು ಮಾಗಡಿಯ ನಾದಿನಿಯವರೆಗೆ ಕೇಳದವರೇ ಇಲ್ಲ. ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದು ಕೂಡಿಟ್ಟ ಭವಿಷ್ಯನಿಧಿ. ಕೊನೆಗೂ ಬಂತು. ಒಂದು ಪಾಲು ಮಗಳ ಮನೆ ಸಾಲಕ್ಕೆ, ಒಂದು ಪಾಲು ಬ್ಯಾಂಕಿಗೆ, ಉಳಿದದ್ದರಲ್ಲಿ ಒಂದು ಹೊಸ ಕಾರು ಎಂದು ತೀರ್ಮಾನವಾಯಿತು.

ರಾಮನಗರದಿಂದ ಹೊರಟು ಹೆದ್ದಾರಿ ಪಕ್ಕದ ಷೋರೂಮಿಗೆ ಹೋದೆವು. ತಣ್ಣಗೆ ಕೂರಿಸಿ ಕಾಫಿ ಕೊಟ್ಟರು. ಟೈ ಕಟ್ಟಿದ ಹುಡುಗ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿಸಿ, ಮೇಲೆ ತೆರೆಯುವ ಕಿಟಕಿ, ಮಾತಾಡಿಸಿದರೆ ಮಾತಾಡುವ ಪರದೆ, ಬೆನ್ನಿಗೆ ಗಾಳಿ ಬೀಸುವ ಸೀಟು ಎಲ್ಲ ತೋರಿಸಿದ. ತೋರಿಸಿದ್ದೆಲ್ಲ ನಮ್ಮವರಿಗೆ. ನನ್ನ ಕಡೆ ತಿರುಗಿದ್ದು ಒಂದೇ ಸಲ, “ಮೇಡಂಗೆ ಯಾವ ಕಲರ್ ಇಷ್ಟ?” ಎನ್ನಲು. ಕಾರು ಓಡಿಸುವವಳು ನಾನು, ನಮ್ಮವರು ಪಕ್ಕದಲ್ಲಿ ಕೂತು ಬ್ರೇಕು ತುಳಿಯುವವರು ಎಂಬುದು ಪಾಪ ಅವನಿಗೇನು ಗೊತ್ತು!

ನಾನು ಬ್ಯಾಗಿನಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದು ಹಿಂದಿನ ಪುಟ ನೋಡಿಕೊಂಡು ಕೇಳಿದೆ: “ಈ ಕಾರಿನಲ್ಲಿ ಜಿಪಿಎಫ್ ಇದೆಯೇನಪ್ಪಾ?”

ಹುಡುಗ ನಮ್ಮವರ ಮುಖ ನೋಡಿದ. ನಮ್ಮವರ ಮುಖ ಕೆಂಪಾಯಿತು. ನನ್ನ ಕಿವಿಯ ಹತ್ತಿರ ಬಗ್ಗಿ, “ಜಿಪಿಎಫ್ ದುಡ್ಡಿನ ವಿಷಯ ಇವರ ಮುಂದೆಲ್ಲ ಯಾಕೆ ಎತ್ತುತೀಯೇ?” ಎಂದು ಗದರಿದರು.

ನಾನು ಕೇಳಿದ್ದು ಬೇರೆ ಜಿಪಿಎಫ್. ಗ್ಯಾಸೊಲಿನ್ ಪಾರ್ಟಿಕ್ಯುಲೇಟ್ ಫಿಲ್ಟರ್. ಪೆಟ್ರೋಲ್ ಕಾರಿನ ಹೊಗೆಯಲ್ಲಿರುವ ಮಸಿಯ ಕಣಗಳನ್ನು ಸೋಸುವ ಜರಡಿ. ಅದನ್ನು ಕೇಳಬೇಕೆಂದು ಹೇಳಿಕೊಟ್ಟವನು ಬಿಡದಿಯಲ್ಲಿ ಬಿಡಿಭಾಗದ ಕಾರ್ಖಾನೆಯಲ್ಲಿರುವ ಅಣ್ಣನ ಮಗ. ಬಿಡದಿ ನಮಗೆ ಪಕ್ಕದ ಊರು. 1999ರ ಕೊನೆಯಿಂದ ಅಲ್ಲಿ ಟೊಯೊಟಾ ಕಾರ್ಖಾನೆ ಕಾರು ಮಾಡುತ್ತಿದೆ. ನಾವು ಕೊಳ್ಳಲು ಹೊರಟದ್ದು ಅಲ್ಲಿಯ ಕಾರಲ್ಲ, ಆ ಮಾತು ಬೇರೆ. ಆದರೆ ಕಾರು ಹುಟ್ಟುವ ಊರಿನ ಮಗ್ಗುಲಲ್ಲಿದ್ದೂ ಕಾರಿನ ಹೊಟ್ಟೆಯಲ್ಲಿ ಏನಿದೆ ಎಂದು ನಾನು ಯಾವತ್ತೂ ಕೇಳಿದವಳಲ್ಲ.

ಕೇಳಿಸಿದ್ದು ಮೊಮ್ಮಗಳ ಉಬ್ಬಸ. ಮಗಳು ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾಳೆ, ಮಗು ನನ್ನ ಹತ್ತಿರ. ಚಳಿಗಾಲ ಬಂತೆಂದರೆ ರಾತ್ರಿ ಅದರ ಎದೆ ಕೊಳಲಿನ ಹಾಗೆ ಕುಯ್‌ಗುಡುತ್ತದೆ. ಹೊಗೆ, ಸಣ್ಣ ಧೂಳಿನಿಂದ ಆದಷ್ಟು ದೂರ ಇಡಿ ಎಂದರು ಡಾಕ್ಟರು. ಆ ಮಾತು ಕೇಳಿದಾಗ ನನಗೆ ನೆನಪಾದದ್ದು ನಮ್ಮಮ್ಮ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹೆಸರು ದೊಡ್ಡದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವವರು ಯಾರು ಎಂದು ಮಾತ್ರ ಕೇಳುವವರು ಕಡಿಮೆ. ನಮ್ಮಮ್ಮ ಇಪ್ಪತ್ತೈದು ವರ್ಷ ಆ ಕೆಲಸ ಮಾಡಿದಳು. ತಗಡಿನ ಚಾವಣಿಯ ಕೆಳಗೆ ಸಾಲು ಒಲೆ, ಸೌದೆಯ ಹೊಗೆ, ಕುದಿಯುವ ನೀರಿನ ಹಬೆ, ಬೆಂದ ಹುಳುವಿನ ವಾಸನೆ. ಸಂಜೆ ಅಮ್ಮ ಮನೆಗೆ ಬಂದು ಸೆರಗಿನಿಂದ ಮುಖ ಒರೆಸಿದರೆ ಸೆರಗು ಕಪ್ಪು. ಈಗ ಎಂಬತ್ತೆರಡು ವರ್ಷ, ನನ್ನ ಜೊತೆಗೇ ಇದ್ದಾಳೆ. ಹೊಗೆ ಬಿಟ್ಟು ಎಷ್ಟೋ ಕಾಲವಾಯಿತು, ಕೆಮ್ಮು ಬಿಟ್ಟಿಲ್ಲ. ಒಂದು ಕೋಣೆಯಲ್ಲಿ ಅಮ್ಮನ ಕೆಮ್ಮು, ಇನ್ನೊಂದು ಕೋಣೆಯಲ್ಲಿ ಮೊಮ್ಮಗಳ ಉಬ್ಬಸ, ನಡುವೆ ನಿದ್ದೆ ಬಾರದ ನಾನು.

“ಆದರೆ ಪೆಟ್ರೋಲ್ ಕಾರಿಗೆ ಹೊಗೆ ಎಲ್ಲಿದೆಯೋ? ಅದೆಲ್ಲ ಡೀಸೆಲ್‌ಗೆ ಅಲ್ಲವಾ?” ಎಂದು ಅಣ್ಣನ ಮಗನನ್ನು ಕೇಳಿದ್ದೆ.

“ಹಳೇ ಪೆಟ್ರೋಲ್ ಇಂಜಿನ್ ಬೇರೆ ಅತ್ತೆ,” ಎಂದು ಅವನು ಬಿಡಿಸಿ ಹೇಳಿದ. ಸಾಧಾರಣ ಇಂಜಿನ್ನಿನಲ್ಲಿ ಪೆಟ್ರೋಲನ್ನು ಗಾಳಿ ಬರುವ ದಾರಿಯಲ್ಲೇ ಸಿಂಪಡಿಸುತ್ತಾರೆ. ಅದು ಆವಿಯಾಗಿ ಗಾಳಿಯ ಜೊತೆ ಬೆರೆತುಕೊಂಡೇ ಒಳಗೆ ಹೋಗಿ ಉರಿಯುತ್ತದೆ. ಈಚಿನ ಟರ್ಬೊ ಕಾರುಗಳು ಅನೇಕವು ಡೈರೆಕ್ಟ್ ಇಂಜೆಕ್ಷನ್. ಉರಿಯುವ ಕೋಣೆಯೊಳಕ್ಕೇ ಪೆಟ್ರೋಲನ್ನು ಜೋರಾಗಿ ಚಿಮ್ಮಿಸುತ್ತಾರೆ. ಶಕ್ತಿ ಹೆಚ್ಚು, ಮೈಲೇಜೂ ಚೆನ್ನ. ಆದರೆ ಬೆರೆಯಲು ಸಮಯ ಸಾಲದೆ, ಗೋಡೆಗೆ ತಾಗಿದ ಹನಿ ಅರೆಬರೆ ಉರಿದು ಮಸಿಯಾಗುತ್ತದೆ. ಸೀಮೆಎಣ್ಣೆ ದೀಪದ ಬತ್ತಿ ಅತಿಯಾಗಿ ಏರಿಸಿದರೆ ಬುರುಡೆ ಕಪ್ಪಾಗುತ್ತಿತ್ತಲ್ಲ, ಹಾಗೆ ಎಂದು ನಾನು ಅರ್ಥಮಾಡಿಕೊಂಡೆ. ಕೂದಲೆಳೆಯ ನೂರರಲ್ಲೊಂದು ಪಾಲಿಗಿಂತ ಎಷ್ಟೋ ಸಣ್ಣ ಕಣ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಶ್ವಾಸಕೋಶದ ತಳಕ್ಕೆ ನೇರ ಇಳಿಯುತ್ತದೆ.

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್-6 ನಿಯಮ ಬಂತು. ಡೀಸೆಲ್ ಕಾರಿಗೂ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರಿಗೂ ಕಣಗಳ ಲೆಕ್ಕ ಇಟ್ಟಿದ್ದಾರೆ. ಕಿಲೋಮೀಟರಿಗೆ ಆರರ ಮುಂದೆ ಹನ್ನೊಂದು ಸೊನ್ನೆ, ಅಂದರೆ 60,000 ಕೋಟಿ ಕಣ, ಇದು ಮಿತಿ. ಮಿತಿಯೇ ಇಷ್ಟಾದರೆ ಮಿತಿ ಇಲ್ಲದ್ದು ಎಷ್ಟಿರಬೇಡ ಎಂದು ನನಗೆ ತಲೆ ತಿರುಗಿತು. ಸಾಧಾರಣ ಪೆಟ್ರೋಲ್ ಇಂಜಿನ್ನಿಗೆ ಈ ಎಣಿಕೆಯ ಮಿತಿ ಇಲ್ಲ, ಹಾಗಾಗಿ ಅದರಲ್ಲಿ ಈ ಫಿಲ್ಟರ್ ನಿರೀಕ್ಷಿಸುವಂತಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಕಾನೂನು ಮಿತಿ ಹೇಳುತ್ತದೆಯೇ ಹೊರತು ಫಿಲ್ಟರ್ ಹಾಕಿ ಎನ್ನುವುದಿಲ್ಲ. ಇಂಜಿನ್ ತಿದ್ದಿ ಮಿತಿಯೊಳಗೆ ಬಂದರೆ ಅದೂ ಸರಿಯೇ. ಯುರೋಪಿನಲ್ಲಿ 2017–18ರಲ್ಲಿ ಮಿತಿ ಬಿಗಿಯಾದಾಗ ಬಹಳಷ್ಟು ಕಂಪನಿಗಳು ಫಿಲ್ಟರ್ ಹಾಕಿದವು. ಅದೇ ಹೆಸರಿನ ಕಾರು ಇಲ್ಲಿಗೆ ಬರುವಾಗ ಅದು ಇರಬಹುದು, ಇಲ್ಲದೆಯೂ ಇರಬಹುದು. ಆದ್ದರಿಂದ ಪ್ರತಿ ಕಾರಿಗೂ ಕೇಳಿಯೇ ತಿಳಿಯಬೇಕು.

ಷೋರೂಮಿನ ಹುಡುಗ ಒಳಗೆ ಹೋಗಿ ವಿಚಾರಿಸಿ ಬಂದು, “ಇದೆ ಮೇಡಂ, ಮೂರು ಫಿಲ್ಟರ್ ಇದೆ. ಏರ್ ಫಿಲ್ಟರ್, ಆಯಿಲ್ ಫಿಲ್ಟರ್, ಎಸಿ ಫಿಲ್ಟರ್. ಒಳಗೆ ಕೂತವರಿಗೆ ಒಂದು ಚೂರು ಧೂಳು ಬರಲ್ಲ,” ಎಂದ.

“ಒಳಗೆ ಕೂತವರಿಗೆ ಸರಿ ಮಗ, ಹಿಂದೆ ನಿಂತವರಿಗೆ?”

ಅವನಿಗೆ ಉತ್ತರ ತಿಳಿಯಲಿಲ್ಲ. ತಪ್ಪು ಅವನದಲ್ಲ. ಹಿಂದೆ ನಿಂತವರ ಪರವಾಗಿ ಕೇಳಲು ಅವನ ಹತ್ತಿರ ಯಾರೂ ಬಂದಿರಲಾರರು.

ಮುಂಗಡ ಕೊಟ್ಟಾಗಿತ್ತು. ಮಗಳೂ ನಮ್ಮವರೂ ಸೇರಿ ಟರ್ಬೊ ಕಾರನ್ನೇ ಆರಿಸಿದ್ದರು, ಮಾಗಡಿ ದಾರಿಯ ಏರಿಗೆ ಅದೇ ಸರಿ ಎಂದು. ಕಾರು ಬರುವ ಮೊದಲೇ ಉತ್ತರ ಹುಡುಕಬೇಕೆಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಮೊದಲು ಕೈಪಿಡಿ ತರಿಸಿ ಓದಿದೆ. ಎಚ್ಚರಿಕೆ ದೀಪಗಳ ಪುಟದಲ್ಲಿ ಜಿಪಿಎಫ್ ದೀಪದ ಚಿತ್ರ ಕಂಡು ಕುಣಿಯುವಷ್ಟು ಖುಷಿಯಾಯಿತು. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ “ಅಳವಡಿಸಿದ್ದಲ್ಲಿ” ಎಂದಿತ್ತು. ಅಡುಗೆ ಪುಸ್ತಕದಲ್ಲಿ “ಉಪ್ಪು ರುಚಿಗೆ ತಕ್ಕಷ್ಟು” ಎಂದು ಬರೆದಹಾಗೆ! ಒಂದೇ ಕೈಪಿಡಿ ಹತ್ತು ತರದ ಕಾರಿಗೆ. ನಮ್ಮದರಲ್ಲಿ ಅಳವಡಿಸಿದ್ದಾರೋ ಇಲ್ಲವೋ ಅದು ಹೇಳದು.

ಆಮೇಲೆ ಪಕ್ಕದ ಮನೆಯವರ ಹೊಸ ಕಾರಿನ ಗಾಜಿಗೆ ಅಂಟಿಸಿದ ಚೀಟಿ ನೋಡಿದೆ. ತಿಳಿನೀಲಿ ಎಂದರೆ ಪೆಟ್ರೋಲ್ ಅಥವಾ ಸಿಎನ್‌ಜಿ, ಮೇಲಿನ ಹಸಿರು ಪಟ್ಟಿ ಎಂದರೆ ಬಿಎಸ್-6. ಫಿಲ್ಟರ್ ಸುದ್ದಿ ಅದರಲ್ಲಿಲ್ಲ. ಕಾರಿನ ಜೊತೆ ಕೊಡುವ ಫಾರಂ 22ರಲ್ಲಿ ಯಾವ ಯಾವ ಮಾಲಿನ್ಯ ಎಷ್ಟೆಂಬ ಪಟ್ಟಿ ಇರುತ್ತದೆ, ಯಾವ ಸಾಧನದಿಂದ ತಗ್ಗಿಸಿದರು ಎಂಬುದಲ್ಲ. ಪೆಟ್ರೋಲ್ ಬಂಕಿನಲ್ಲಿ ಮಾಡುವ ಹೊಗೆ ತಪಾಸಣೆ ಪೆಟ್ರೋಲ್ ಕಾರಿನ ಅನಿಲಗಳನ್ನಷ್ಟೇ ಅಳೆಯುತ್ತದೆ, ಕಣ ಎಣಿಸುವುದಿಲ್ಲ.

ನಮ್ಮ ಹಳೇ ಕಾರನ್ನು ವರ್ಷಗಟ್ಟಲೆ ಸಾಕಿದ ಮೆಕ್ಯಾನಿಕ್ ಚನ್ನಪಟ್ಟಣದವನು. ಅವನ ತಂದೆ ಅರಗಿನ ಬೊಂಬೆ ಮಾಡುತ್ತಿದ್ದವರು. ಅವನ ಹತ್ತಿರ ಹೋದೆ. “ಬನ್ನಿ ಅಕ್ಕ, ತೋರಿಸ್ತೀನಿ,” ಎಂದು ಮೇಲೆತ್ತಿ ನಿಲ್ಲಿಸಿದ್ದ ಯಾರದೋ ಕಾರಿನ ಕೆಳಗೆ ಕರೆದುಕೊಂಡು ಹೋದ. ಹೊಗೆಕೊಳವೆಯಲ್ಲಿ ಇಂಜಿನ್ನಿನ ಹತ್ತಿರದ ಡಬ್ಬಿ ತೋರಿಸಿ, “ಇದು ಕ್ಯಾಟಲಿಟಿಕ್ ಕನ್ವರ್ಟರ್. ಇದು ಎಲ್ಲ ಕಾರಲ್ಲೂ ಇರುತ್ತೆ, ಇದನ್ನೇ ಫಿಲ್ಟರ್ ಅಂದ್ರೆ ನಂಬಬೇಡಿ. ಇದರ ಮುಂದೆ ಇನ್ನೊಂದು ಡಬ್ಬಿ ಇದ್ದು, ಅದರಿಂದ ಸಣ್ಣ ಪೈಪು ಒತ್ತಡ ನೋಡೋ ಸೆನ್ಸರಿಗೆ ಹೋಗಿದ್ರೆ ಜಿಪಿಎಫ್ ಇರಬಹುದು. ಕೆಲವರಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುತ್ತೆ, ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ನೀವು ಒಂದು ಕೆಲಸ ಮಾಡಿ. ಷಾಸಿ ನಂಬರ್ ಕೊಟ್ಟು ಕಂಪನಿ ವರ್ಕ್‌ಷಾಪಲ್ಲಿ ಬಿಡಿಭಾಗದ ಪಟ್ಟಿ ತೆಗೆಸಿ. ಅದರಲ್ಲಿ ಪಾರ್ಟ್ ನಂಬರ್ ಇದ್ರೆ ಇದೆ, ಇಲ್ಲದಿದ್ರೆ ಇಲ್ಲ,” ಎಂದ.

ಇಷ್ಟು ನೇರವಾದ ಮಾತು ಅಷ್ಟು ದಿನದಲ್ಲಿ ನಾನು ಕೇಳಿದ್ದು ಅದೇ ಮೊದಲು.

ಕಾರು ಬಂತು. ಶುಕ್ರವಾರ ಹತ್ತು ಗಂಟೆಗೆ ಮುಹೂರ್ತ. ನಿಂಬೆಹಣ್ಣು, ಕುಂಬಳಕಾಯಿ, ಹೂವಿನ ಹಾರ ಎಲ್ಲ ಸಿದ್ಧ. ಕನಕಪುರದಿಂದ ತಂಗಿ ಬಂದಿದ್ದಳು, ಮಾಗಡಿಯಿಂದ ನಾದಿನಿ. ನಾನು ಮಾತ್ರ, “ಷಾಸಿ ನಂಬರ್ ಹಾಕಿ ನೋಡಿ ಹೇಳುವವರೆಗೆ ಸಹಿ ಹಾಕಲ್ಲ,” ಎಂದು ಕೂತೆ. ನಮ್ಮವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಇವಳು ಕಲಿಯದೆ ಏಳುವುದಿಲ್ಲ ಎಂದು ಗೊತ್ತಾಯಿತೋ ಏನೋ, ಹುಡುಗನಿಗೆ ಅವರೇ ಹೇಳಿದರು: “ನೋಡಿಬಿಡಪ್ಪ. ಅವಳು ಕೇಳೋದು ಸರಿಯಾಗೇ ಇದೆ.”

ವರ್ಕ್‌ಷಾಪಿನ ಹಿರಿಯರೊಬ್ಬರು ಬಂದು ಕಂಪ್ಯೂಟರಿನಲ್ಲಿ ಸಂಖ್ಯೆ ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹೊಗೆಕೊಳವೆಯ ಚಿತ್ರ, ಅದರ ಮೇಲೊಂದು ಡಬ್ಬಿ, ಪಕ್ಕದಲ್ಲಿ ಹೆಸರು. ಇತ್ತು! “ಹದಿನೈದು ವರ್ಷದಲ್ಲಿ ಇದನ್ನು ಕೇಳಿದ ಮೊದಲ ಗಿರಾಕಿ ನೀವೇ,” ಎಂದು ಅವರು ನಕ್ಕರು. ಇಲ್ಲದಿದ್ದರೆ ಏನು ಮಾಡುತ್ತಿದ್ದೆ? ಸಾಧಾರಣ ಇಂಜಿನ್ನಿನ ಕಾರಿಗೆ ಬದಲಿಸಿಕೊಡಿ ಎನ್ನುತ್ತಿದ್ದೆ. ಮಾಗಡಿ ದಾರಿಯ ಏರನ್ನು ನಿಧಾನವಾಗಿ ಏರಿದರಾಯಿತು.

ಅವರೇ ಅದರ ಗುಣವನ್ನೂ ಹೇಳಿದರು. ಒಳಗಿರುವುದು ಪಿಂಗಾಣಿಯಂಥ ವಸ್ತುವಿನ ಜೇನುಗೂಡು. ಒಂದು ಕಣ್ಣು ಈ ತುದಿಯಲ್ಲಿ ಮುಚ್ಚಿದ್ದರೆ ಪಕ್ಕದ್ದು ಆ ತುದಿಯಲ್ಲಿ. ಹೊಗೆ ಗೋಡೆಯ ಮೂಲಕವೇ ಸೋಸಿ ಹೋಗಬೇಕು, ಮಸಿ ಒಳಗೇ ಉಳಿಯುತ್ತದೆ. ಉಳಿದ ಮಸಿ ಸುಮಾರು 600 ಡಿಗ್ರಿ ಕಾವಿನಲ್ಲಿ ತಾನೇ ಸುಟ್ಟುಹೋಗುತ್ತದೆ. ಅದಕ್ಕೆ ಕೊಳವೆ ಚೆನ್ನಾಗಿ ಕಾಯಬೇಕು. ಓಡುತ್ತಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಪೆಟ್ರೋಲ್ ನಿಂತು ಬರೀ ಗಾಳಿ ಹೋಗುತ್ತದಲ್ಲ, ಆಗ ಮಸಿ ಉರಿಯುತ್ತದೆ. ಮನೆಯಿಂದ ತರಕಾರಿ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದಷ್ಟೇ ಓಡಿಸಿದರೆ ಕಾವು ಏರದೆ ಮಸಿ ಕಟ್ಟಿಕೊಂಡು ದೀಪ ಹೊತ್ತಬಹುದು. ಹೊತ್ತಿದರೆ ಕೈಪಿಡಿ ಹೇಳಿದಹಾಗೆ ಒಂದಷ್ಟು ದೂರ ಒಂದೇ ಹದದಲ್ಲಿ ಓಡಿಸಬೇಕು. ಇಂಜಿನ್ ಆಯಿಲ್ ಕೂಡ ಕೈಪಿಡಿಯಲ್ಲಿ ಬರೆದದ್ದೇ ಆಗಬೇಕು, ಆಯಿಲಿನ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ.

ಹಾಗಾಗಿ ಈಗ ವಾರಕ್ಕೊಮ್ಮೆ ನನಗೆ ಕನಕಪುರದ ತಂಗಿಯ ಮನೆಗೆ ಹೋಗಲು ಒಳ್ಳೆಯ ನೆಪ. ಇಲ್ಲವೇ 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿ ಒಂದು ಸುತ್ತು. “ನಿನ್ನ ಜಿಪಿಎಫ್ ನನ್ನ ಜಿಪಿಎಫನ್ನು ಪೆಟ್ರೋಲಿನಲ್ಲಿ ಕರಗಿಸುತ್ತಿದೆ,” ಎಂದು ನಮ್ಮವರ ಗೊಣಗಾಟ.

ಆದರೆ ಈ ಹುಡುಕಾಟದಲ್ಲಿ ನನಗೆ ನಾಚಿಕೆಯಾದದ್ದು ಇನ್ನೊಂದು ವಿಷಯಕ್ಕೆ. ಇಷ್ಟು ವರ್ಷ ಮೊಮ್ಮಗಳನ್ನು ಕರೆತರಲು ಶಾಲೆಯ ಗೇಟಿನ ಮುಂದೆ ಎಸಿ ಹಾಕಿಕೊಂಡು, ಇಂಜಿನ್ ನಿಲ್ಲಿಸದೆ ಕಾಯುತ್ತಿದ್ದವಳು ನಾನೇ. ನನ್ನ ಹಿಂದೆ ಅದೇ ರೀತಿ ಹತ್ತು ಕಾರು. ಗಂಟೆ ಹೊಡೆದ ಕೂಡಲೇ ಓಡಿ ಬರುವ ಮಕ್ಕಳ ಮೂಗು, ದೊಡ್ಡವರ ಮೂಗಿಗಿಂತ ಹೊಗೆಕೊಳವೆಗೆ ಎಷ್ಟು ಹತ್ತಿರ! ಫಿಲ್ಟರ್ ಇರಲಿ ಬಿಡಲಿ, ಈಗ ಗೇಟಿನ ಮುಂದೆ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸುತ್ತೇನೆ. ಸೆಕೆಯಾದರೆ ಸೆರಗು ಬೀಸಿಕೊಳ್ಳುತ್ತೇನೆ. ನನ್ನ ನೋಡಿ ಈಗ ಇನ್ನಿಬ್ಬರು ತಾಯಂದಿರೂ ನಿಲ್ಲಿಸುತ್ತಾರೆ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಮ್ಮ ಕೋಲೂರಿಕೊಂಡು ಕಾರಿನ ಹಿಂದೆ ಹೋಗಿ ಬಗ್ಗಿದ್ದಳು. ರಾತ್ರಿಯೆಲ್ಲ ನಿಂತು ತಣ್ಣಗಾಗಿದ್ದ ಕಾರು. ಹಿಂದೆ ದೀಪದ ಬುರುಡೆ ಒರೆಸುತ್ತಿದ್ದಹಾಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಕೊಳವೆಯೊಳಗೆ ಒಂದು ಸುತ್ತು ತಿರುಗಿಸಿ ತೆಗೆದಳು. ಬೆಳಕಿಗೆ ಹಿಡಿದು ನೋಡಿದಳು. ಸ್ವಲ್ಪ ಧೂಳು, ಅಷ್ಟೆ. ಕೊಳವೆ ನೋಡಿ ಫಿಲ್ಟರ್ ಇದೆಯೆಂದು ಖಂಡಿತ ಹೇಳಲಾಗದು ಎಂದು ಅಣ್ಣನ ಮಗ ಹೇಳಿದ್ದಾನೆ. ಅಮ್ಮನಿಗೆ ಬಿಡಿಭಾಗದ ಪಟ್ಟಿ ಬೇಕಿರಲಿಲ್ಲ, ಸೆರಗು ಸಾಕಾಗಿತ್ತು.

“ಮಸಿ ಎಲ್ಲಿ ಹೋಯ್ತೇ?” ಎಂದಳು.

“ಒಳಗೇ ಹಿಡಿದಿಟ್ಟುಕೊಂಡು ಸುಟ್ಟುಹಾಕುತ್ತಂತಮ್ಮ.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗು ಕೊಡವಿ, “ನಾವೂ ಒಳಗೇ ಹಿಡಿದಿಟ್ಟುಕೊಂಡ್ವಿ ಕಣೇ. ಸುಡೋದು ಗೊತ್ತಾಗಲಿಲ್ಲ,” ಎಂದು ಕೆಮ್ಮುತ್ತಾ ಒಳಗೆ ಹೋದಳು.