ಕಡಂಬುಟ್ಟಿನ ಹಬೆ, ಮುಂಗಾರಿನ ಮೋಡ

ಮಂಗಳೂರು ಕಡೆಯಿಂದ ಮಡಿಕೇರಿಗೆ ಸೊಸೆಯಾಗಿ ಬಂದವರು ಮೊದಮೊದಲು ಹೇಳುವ ಮಾತೊಂದಿದೆ: “ಅತ್ತೆ, ಇಲ್ಲಿ ಕಡಲೆ ಬೇಯುವುದೇ ಇಲ್ಲವಲ್ಲ!” ಅತ್ತೆ ಬಾವಿಯ ನೀರನ್ನು ದೂರುತ್ತಾರೆ, ಮಾವ ಸೌದೆ ಹಸಿ ಎನ್ನುತ್ತಾರೆ. ಎರಡರಲ್ಲೂ ಒಂದಿಷ್ಟು ನಿಜವಿರಬಹುದು. ಆದರೆ ಊರಿನ ಎತ್ತರವನ್ನು ಯಾರೂ ನೆನೆಯುವುದಿಲ್ಲ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ನಮ್ಮ ತಲೆಯ ಮೇಲಿನ ಗಾಳಿಗೂ ತೂಕವಿದೆ. ಎತ್ತರಕ್ಕೆ ಹೋದಷ್ಟೂ ಆ ಹೊರೆ ಕಡಿಮೆ. ಮೇಲಿನಿಂದ ಒತ್ತುವ ಗಾಳಿ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮಡಿಕೇರಿಯಲ್ಲಿ ಸುಮಾರು 96ಕ್ಕೇ ಕುದಿಯುತ್ತದೆ. ಕುದಿಯುವುದು ಬೇಗ, ಬೇಯಿಸುವುದು ನಿಧಾನ. ಕುಕ್ಕರಿನ ಮುಚ್ಚಳ ಬಿಗಿದರೆ ಒಳಗಿನ ಒತ್ತಡ ಏರಿ, ನೀರು 120 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ; ಸೊಸೆಯ ಕಡಲೆ ಮೆತ್ತಗಾಗುತ್ತದೆ.

ಇಲ್ಲಿ ಇನ್ನೊಂದು ಪ್ರಶ್ನೆ ಏಳಬೇಕು. ತೆರೆದ ಪಾತ್ರೆಯ ಕೆಳಗೆ ಇನ್ನೆರಡು ಸೌದೆ ತುರುಕಿದರೂ ನೀರು 96 ದಾಟುವುದಿಲ್ಲ. ಹಾಗಾದರೆ ಆ ಬೆಂಕಿಯೆಲ್ಲ ಎಲ್ಲಿ ಹೋಯಿತು? ಹಬೆಯೊಳಗೆ ಹೋಯಿತು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲರಿ ಸಾಕು. ಕುದಿಯುವ ಅದೇ ಒಂದು ಗ್ರಾಂ ನೀರನ್ನು ಹಬೆಯಾಗಿಸಲು ಸುಮಾರು 540 ಬೇಕು. ಥರ್ಮಾಮೀಟರಿಗೆ ಕಾಣದೆ ಅಡಗಿರುವ ಈ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. ಹಂದಿ ಸಾರಿಗೆಂದು ಅಕ್ಕಿತರಿಯ ಕಡಂಬುಟ್ಟು ಕಟ್ಟಿ ಹಬೆಯಲ್ಲಿ ಇಡುತ್ತಾರಲ್ಲ, ಆ ಉಂಡೆಗೆ ತಾಗಿದ ಹಬೆ ಮತ್ತೆ ನೀರಾಗುತ್ತದೆ; ಹಾಗೆ ನೀರಾಗುವಾಗ ಅಡಗಿಸಿಟ್ಟ ಶಾಖವನ್ನೆಲ್ಲ ಉಂಡೆಗೆ ಕೊಟ್ಟುಬಿಡುತ್ತದೆ. ಕುದಿನೀರಿನ ಸುಟ್ಟಗಾಯಕ್ಕಿಂತ ಹಬೆಯ ಗಾಯ ಕ್ರೂರವಾಗಿರುವುದೂ ಇದರಿಂದಲೇ.

ಈಗ ಅಡುಗೆಮನೆಯಿಂದ ಅಂಗಳಕ್ಕೆ ಬನ್ನಿ. ಜೂನ್ ತಿಂಗಳು, ಅರಬ್ಬೀ ಸಮುದ್ರದ ಕಡೆಯಿಂದ ಗಾಳಿ ಬರುತ್ತಿದೆ. ಅದರೊಳಗಿರುವುದೂ ನೀರಿನ ಆವಿಯೇ. ಸೌದೆಯ ಬದಲು ಸೂರ್ಯ ಕಾಸಿದ್ದು, ಅಷ್ಟೇ. ಘಟ್ಟ ಅಡ್ಡ ಬಂದಾಗ ಆ ಗಾಳಿ ಮೇಲೇರಲೇಬೇಕು. ಏರಿದಂತೆ ಒತ್ತಡ ಇಳಿದು ಹಿಗ್ಗುತ್ತದೆ, ಹಿಗ್ಗಿ ತಣ್ಣಗಾಗುತ್ತದೆ, ಆವಿ ಹನಿಯಾಗುತ್ತದೆ. ಕಡಂಬುಟ್ಟನ್ನು ಬೇಯಿಸಿದ ಆ ಗುಪ್ತೋಷ್ಣ ಇಲ್ಲಿ ಮೋಡಕ್ಕೇ ಸಿಕ್ಕಿ, ಮೋಡ ಇನ್ನೂ ಮೇಲೆ ಉಬ್ಬುತ್ತದೆ. ಭಾಗಮಂಡಲದಲ್ಲಿ ನದಿಗಳ ಸಂಗಮ ತುಂಬಿ ರಸ್ತೆ ಮುಳುಗುವಂತೆ ಸುರಿದ ಮೇಲೆ ಗಾಳಿಯಲ್ಲಿ ಉಳಿಯುವ ನೀರೆಷ್ಟು? ಆ ಗಾಳಿ ಪೂರ್ವಕ್ಕೆ ಇಳಿಯುತ್ತ ಮತ್ತೆ ಬಿಸಿಯಾಗುವುದರಿಂದ ಕುಶಾಲನಗರಕ್ಕೆ ಮಳೆ ತೀರಾ ಕಡಿಮೆ. ಕೊಡಗು ಎಂಬ ಒಂದೇ ಜಿಲ್ಲೆಯಲ್ಲಿ ಈ ಎರಡು ಲೋಕ! ನನಗಂತೂ ಇದು ಎಷ್ಟು ಸಲ ಯೋಚಿಸಿದರೂ ಹಳತಾಗದ ಸಂಗತಿ.

ಭೌತವಿಜ್ಞಾನವನ್ನು ಸೂತ್ರದಿಂದ ಶುರುಮಾಡಿ ಎಷ್ಟೋ ಮಕ್ಕಳನ್ನು ಹೆದರಿಸಿ ಓಡಿಸಿದ್ದೇವೆ ಎಂದು ನನಗೆ ನಿಜವಾಗಿ ದುಃಖವಿದೆ. ಮೊದಲು ಹಬೆ, ಆಮೇಲೆ ಹೆಸರು, ಕೊನೆಗೆ ಲೆಕ್ಕ, ಹೀಗಿರಬೇಕು. ಕನ್ನಡದಲ್ಲಿ ಇದು ಆಗದ ಕೆಲಸವೇನಲ್ಲ. ಮಡಿಕೇರಿಯಲ್ಲೇ 1926ರಲ್ಲಿ ಹುಟ್ಟಿದ ಜಿ.ಟಿ. ನಾರಾಯಣರಾಯರು ಗಣಿತದ ಮೇಷ್ಟರು. ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗಕ್ಕೆ ದುಡಿದವರು. ನಕ್ಷತ್ರ ನೋಡುವುದನ್ನು ಕಲಿಸಿದರು, ಕೃಷ್ಣವಿವರಗಳ ಬಗ್ಗೆ, ಐನ್‌ಸ್ಟೈನ್ ಬಗ್ಗೆ, ಖಗೋಳವಿಜ್ಞಾನಿ ಚಂದ್ರಶೇಖರ್ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದರು. 2008ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳು ಈ ಜಿಲ್ಲೆಯ ಪ್ರತಿ ಶಾಲೆಯ ಕಪಾಟಿನಲ್ಲೂ ಇರಬೇಕು, ಮಕ್ಕಳ ಕೈಗೆ ಸಿಗಬೇಕು.

ಹಬೆಯಂತೆಯೇ ನಮ್ಮ ಕೋವಿಯೂ ಭೌತವಿಜ್ಞಾನ ಕಲಿಸುತ್ತದೆ. ಕೈಲ್‌ಪೊಳ್ದ್ ಎಂಬ ಕೊಡವರ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಹಿರಿಯರು ಹುಡುಗರಿಗೆ “ಹಿಡಿಯನ್ನು ಭುಜಕ್ಕೆ ಒತ್ತಿ ಹಿಡಿ” ಎಂದು ಹೇಳಿಕೊಡುತ್ತಾರೆ. ಗುಂಡು ಮುಂದಕ್ಕೆ ಹಾರಿದಷ್ಟೇ ಬಲವಾಗಿ ಕೋವಿ ಹಿಂದಕ್ಕೆ ಒದೆಯುತ್ತದೆ. ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದ ಮೂರನೇ ನಿಯಮ ಅದು. ಒತ್ತಿ ಹಿಡಿದರೆ ಕೋವಿಯ ತೂಕಕ್ಕೆ ನಿಮ್ಮ ಮೈತೂಕವೂ ಸೇರಿ ಒದೆತ ಸಣ್ಣದಾಗುತ್ತದೆ. ಸಡಿಲ ಹಿಡಿದವನ ಭುಜ ನೀಲಿಗಟ್ಟುತ್ತದೆ.

ಕೊನೆಗೆ ಲೆಕ್ಕ ಎಂದೆನಲ್ಲ, ಅದಕ್ಕೂ ಸೂತ್ರದ ಪುಸ್ತಕ ಬೇಡ. ಮುಂದಿನ ಸಲ ಎದುರು ಗುಡ್ಡದಲ್ಲಿ ಯಾರಾದರೂ ಮರ ಕಡಿಯುತ್ತಿದ್ದರೆ ನಿಂತು ನೋಡಿ. ಕೊಡಲಿ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುತ್ತದೆ. ನಡುವಿನ ಸೆಕೆಂಡುಗಳನ್ನು ಎಣಿಸಿ 340ರಿಂದ ಗುಣಿಸಿದರೆ, ಕಣಿವೆಗೆ ಇಳಿಯದೆಯೇ ಆ ಮರ ಎಷ್ಟು ದೂರವಿದೆ ಎಂದು ಹೇಳಬಹುದು.